ಪದಚರ್ಚೆ: ‘ಶಕಲ’ ಎಂದರೆ ಚೂರೋ, ಚೀಲವೋ?

ಬಳಗದವರಿಗೆ ಗಂಗಾವತಿಯಿಂದ ನಮಸ್ಕಾರ. ನಾನು ಭತ್ತದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಭೌತಶಾಸ್ತ್ರಕ್ಕೆ ಹತ್ತನೆಯ ತರಗತಿಯಲ್ಲೇ ಕೈಮುಗಿದಿದ್ದೆ. ಈಗ ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ. ಅವಳಿಗೆ ಕ್ವಾಂಟಮ್ ಎಂದರೇನೆಂದು ಕನ್ನಡದಲ್ಲಿ ತಿಳಿಸಿಕೊಡಲು ಹೋಗಿ (ಅವಳು ಕೇಳಿರಲಿಲ್ಲ, ಅದು ಬೇರೆ ಮಾತು) ಒಂದು ಪದದಲ್ಲಿ ಸಿಕ್ಕಿಬಿದ್ದಿದ್ದೇನೆ.

ಹಳೆಯ ಲೇಖನವೊಂದರಲ್ಲಿ ಕ್ವಾಂಟಮ್ ಎಂಬುದಕ್ಕೆ ‘ಶಕಲ’ ಎಂದು ಬಳಸಿದ್ದರು. ಹಾಳೆಯನ್ನು ಅಂಗಡಿಗೆ ಒಯ್ದೆ. ಸಾಹುಕಾರರು ‘ಸಕಲ ಸಿದ್ಧಾಂತ’ ಎಂದೇ ಗಟ್ಟಿಯಾಗಿ ಓದಿ, “ಹಾಗಾದರೆ ಎಲ್ಲವೂ ಇದರಲ್ಲೇ ಬಂತೇನು?” ಎಂದರು. ನಮ್ಮ ಕಡೆ ಶಕಾರಕ್ಕೂ ಸಕಾರಕ್ಕೂ ಅಂಥ ಜಗಳವಿಲ್ಲ. ಹಮಾಲರಲ್ಲಿ ಹಿರಿಯರಾದ ಚಾಚಾ “ಯಾರ ಶಕಲ್?” ಎಂದು ವಿಚಾರಿಸಿದರು, ಅವರ ಉರ್ದುವಿನಲ್ಲಿ ಅದು ಮುಖ, ಚಹರೆ. ನಿಘಂಟು ತೆರೆದರೆ ಸಂಸ್ಕೃತದ ಶಕಲಕ್ಕೆ ತುಂಡು, ಚೂರು ಎಂಬ ಅರ್ಥ. ಇಡಿಯೂ ಅದೇ, ಚೂರೂ ಅದೇ, ಮುಖವೂ ಅದೇ. ಏಕಕಾಲಕ್ಕೆ ಹಲವು ಸ್ಥಿತಿಗಳಲ್ಲಿರುವುದು ಎಲೆಕ್ಟ್ರಾನಿನ ಗುಣವೆಂದು ಓದಿದ್ದೆ. ಅದರ ಹೆಸರಿಗೂ ಆ ರೋಗ ಅಂಟುತ್ತದೆಂದು ತಿಳಿದಿರಲಿಲ್ಲ.

ನನ್ನ ತಕರಾರು ‘ಚೂರು’ ಎಂಬ ಅರ್ಥದ ಮೇಲೆ. ಕುಲುಮೆಯಲ್ಲಿ ಕುಡುಗೋಲು ಕಾಯಿಸುವುದನ್ನು ನೋಡಿದ್ದೀರಿ. ಮೊದಲು ಕಡುಗೆಂಪು, ಆಮೇಲೆ ಕಿತ್ತಳೆ, ಇನ್ನೂ ತಿದಿ ಒತ್ತಿದರೆ ಹಳದಿ. ಹಳೆಯ ಭೌತಶಾಸ್ತ್ರದ ಲೆಕ್ಕದಂತೆ ನಡೆದಿದ್ದರೆ ಕಾದ ವಸ್ತು ನೇರಳೆಯ ಆಚೆಗಿನ ಕಿರಣಗಳನ್ನು ಮಿತಿಯಿಲ್ಲದೆ ಸುರಿಯಬೇಕಿತ್ತು, ಕಮ್ಮಾರ ಉಳಿಯುತ್ತಿರಲಿಲ್ಲ. 1900ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಇದಕ್ಕೆ ಕೊಟ್ಟ ಪರಿಹಾರ, ನನ್ನಂಥವನಿಗೆ ಅರ್ಥವಾದ ಮಟ್ಟಿಗೆ, ಇಷ್ಟೇ: ಶಕ್ತಿಯ ವ್ಯಾಪಾರ ಚೀಲದ ಲೆಕ್ಕದಲ್ಲಿ ಮಾತ್ರ, ಬಿಡಿಸಿ ಕೊಡುವುದಿಲ್ಲ. ಆ ಒಂದು ಚೀಲವೇ ಕ್ವಾಂಟಮ್. ಬೆಳಕೇ ಚೀಲಚೀಲವಾಗಿ ಸಾಗುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ಮುಂದುವರಿಸಿದರು.

ಇದು ನನಗೆ ತಿಳಿಯುತ್ತದೆ. ನಮ್ಮ ಎಪಿಎಂಸಿ ಪ್ರಾಂಗಣದಲ್ಲಿ ಭತ್ತದ ದರ 75 ಕಿಲೋ ಚೀಲಕ್ಕೆ ನಿಲ್ಲುತ್ತದೆ. ನೂರು ರೂಪಾಯಿ ಹಿಡಿದು ಬಂದವನಿಗೆ ಸ್ವಲ್ಪ ಭತ್ತ ಸಿಗುತ್ತದೆ ಎಂದುಕೊಳ್ಳಬೇಡಿ, ಏನೂ ಸಿಗುವುದಿಲ್ಲ. ಬೆಳಕಿನಲ್ಲಿ ಬಣ್ಣಕ್ಕೊಂದು ಅಳತೆಯ ಚೀಲ. ನೇರಳೆಯದು ಕೆಂಪಿನದಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು ದೊಡ್ಡದು. ಕುಡುಗೋಲಿನ ಕಾವು ಕೆಂಪು ಚೀಲಗಳನ್ನು ಧಾರಾಳವಾಗಿ ಕೊಳ್ಳುತ್ತದೆ, ನೇರಳೆಯ ಅಂಗಡಿಯ ಮುಂದೆ ಮಾತ್ರ ಜೇಬು ತಡಕಾಡುತ್ತದೆ. ಕಮ್ಮಾರ ಬದುಕಿದ್ದು ಹೀಗೆ.

ಮಗಳು ತೂಕದ ಚೀಟಿಯ ಹಿಂದೆ ಲೆಕ್ಕ ತೋರಿಸಿದಳು. ಬೆಳಕಿನ ಆವೃತ್ತಿಯನ್ನು (ಸೆಕೆಂಡಿಗೆ ಎಷ್ಟು ಅಲೆ ಎಂಬ ಲೆಕ್ಕವನ್ನು) ಪ್ಲಾಂಕ್ ನಿಯತಾಂಕ ಎಂಬ ಬದಲಾಗದ ಸಂಖ್ಯೆಯಿಂದ ಗುಣಿಸಿದರೆ ಒಂದು ಚೀಲದ ಶಕ್ತಿ. ಆ ನಿಯತಾಂಕವನ್ನು ಪೂರ್ತಿ ಬರೆ ನೋಡೋಣ ಎಂದೆ. ಸೊನ್ನೆ, ಬಿಂದು, ಮತ್ತೆ 33 ಸೊನ್ನೆ, ಆಮೇಲೆ 6626. ಅರ್ಧಕ್ಕೇ ಚೀಟಿಯ ಅಂಚು ಬಂದು ಕೆಳಗಿನ ಸಾಲಿಗೆ ಇಳಿದಳು. ಇಷ್ಟು ಸಣ್ಣ ಚೀಲದ ಬಾಯಿ ಹೊಲಿಯಲು ದಬ್ಬಣ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ ಪುಸ್ತಕ ಮಡಚಿಕೊಂಡು ಎದ್ದುಹೋದಳು.

ಈಗ ಪದಕ್ಕೆ ಬರುತ್ತೇನೆ. ಇಡಿಯಾದದ್ದು ಒಡೆದರೆ ಚೂರು. ಇಲ್ಲಿ ಯಾವುದೂ ಒಡೆದಿಲ್ಲ. ಚೂರನ್ನು ಮತ್ತೂ ಚೂರು ಮಾಡಬಹುದು, ಇದನ್ನು ಮಾಡಲಾಗದು. ಆದ್ದರಿಂದ ಶಕಲ ನನಗೆ ಒಗ್ಗುತ್ತಿಲ್ಲ. ಚೀಲವೂ ಪೂರ್ತಿ ಹೊಂದುವುದಿಲ್ಲ, ಮನೆ ಸೇರಿದ ಮೇಲೆ ಹೊಲಿಗೆ ಬಿಚ್ಚಿ ಸೇರಿನಲ್ಲಿ ಅಳೆಯುವವರೇ ಎಲ್ಲರೂ. ಮರಾಠಿಯವರ ‘ಪುಂಜ’ ನಮ್ಮ ಕಿವಿಗೆ ರಾಶಿಯಂತೆ ಕೇಳಿಸುತ್ತದೆ. ಲ್ಯಾಟಿನ್ನಿನಲ್ಲಿ ಕ್ವಾಂಟಮ್ ಎಂದರೆ ‘ಎಷ್ಟು’ ಎಂದರ್ಥ. ಅದಕ್ಕೆ ಹಳಗನ್ನಡದ ‘ಎನಿತು’ ಅಚ್ಚುಕಟ್ಟಾಗಿ ಕೂರುತ್ತದೆ. ‘ಎನಿತು ಸಿದ್ಧಾಂತ’ ಎಂದು ಸಾಹುಕಾರರ ಮುಂದೆ ಹೇಳುವ ಧೈರ್ಯ ಮಾತ್ರ ನನಗಿಲ್ಲ. ಮನಸ್ಸಿಗೆ ಹಿಡಿಸಿದ ಪದ ‘ಬಿಡಿ’. ಬಿಡಿಬಿಡಿಯಾಗಿದ್ದೂ ಒಂದೊಂದೂ ಇಡಿಯಾಗಿರುವಂಥದ್ದು. ಆದರೆ ‘ಬಿಡಿ ಭೌತಶಾಸ್ತ್ರ’ ಎಂದು ಪುಸ್ತಕದ ಮೇಲೆ ಅಚ್ಚಾದರೆ ಮಕ್ಕಳು ಅದನ್ನು ಆಜ್ಞೆಯೆಂದು ತಿಳಿದು ಪಾಲಿಸಿಯಾರು.

ಜೊತೆಗೆ ಇನ್ನೆರಡು. ಬಜೆಟ್ಟಿನ ಮೊತ್ತ ಏರಿದಾಗ ‘ಕ್ವಾಂಟಮ್ ಜಿಗಿತ’ ಎಂದು ಬರೆಯುವುದು ಸರಿಯೇ? ಪರಮಾಣುವಿನೊಳಗೆ ಎಲೆಕ್ಟ್ರಾನ್ ಜಿಗಿಯುವ ಆ ಜಿಗಿತ ತೀರ ಸಣ್ಣದು. ವಿಶೇಷವೇನೆಂದರೆ ನಡುವೆ ನಿಲ್ಲಲು ಮೆಟ್ಟಿಲಿಲ್ಲ. ಅಂಜನಾದ್ರಿ ಹತ್ತುವಾಗ ಮೂರನೆಯ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಬಹುದು, ನಾಲ್ಕನೆಯದರ ಮೇಲೂ ಸರಿ, ಮೂರೂವರೆಯ ಮೇಲೆ ಆಗದು. ಇನ್ನು, ಭೌತವಿಜ್ಞಾನಿ ಹೈಸೆನ್‌ಬರ್ಗ್ 1927ರಲ್ಲಿ ಕೊಟ್ಟ ತತ್ವಕ್ಕೆ ‘ಅನಿಶ್ಚಿತತೆ’ ಎನ್ನುತ್ತೇವೆ. ರಾಯಚೂರಿನ ಬಸ್ ಎಲ್ಲಿದೆಯೋ ನನಗೆ ಅನಿಶ್ಚಿತ, ಆದರೂ ಅದು ಕಾರಟಗಿಯಲ್ಲೋ ಸಿಂಧನೂರಿನಲ್ಲೋ ಇದ್ದೇ ಇರುತ್ತದೆ. ಎಲೆಕ್ಟ್ರಾನಿನ ಕಥೆ ಹಾಗಲ್ಲವಂತೆ: ಅದರ ಜಾಗ ಮತ್ತು ವೇಗ ಎರಡೂ ಒಟ್ಟಿಗೆ ಖಚಿತವಾಗಿ ಇರುವುದೇ ಇಲ್ಲವಂತೆ. ಹಾಗಿದ್ದರೆ ‘ಅನಿರ್ದಿಷ್ಟತೆ’ ಮೇಲಲ್ಲವೇ?

ಕಡೆಯದಾಗಿ ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯವರಿಗೆ. ರಾಶಿ ತೂಗಿ ಮುಗಿಯುವಾಗ ಒಂದು ಚೀಲಕ್ಕೆ ಸಾಲದಷ್ಟು ಭತ್ತ ನೆಲದ ಮೇಲೆ ಉಳಿಯುತ್ತದಲ್ಲ, ಅದಕ್ಕೆ ನಾವು ‘ಮಿಕ್ಕಿದ್ದು’ ಎಂದು ಸುಮ್ಮನಾಗುತ್ತೇವೆ. ನಿಮ್ಮಲ್ಲಿ ಬೇರೆ ಹೆಸರಿದೆಯೇ? ಬೆಳಕಿನ ರಾಶಿಯಲ್ಲಿ ಅಂಥದ್ದು ಉಳಿಯುವುದಿಲ್ಲ ಎನ್ನುತ್ತಾಳೆ ಮಗಳು. ಆ ಹೆಸರು ಸಿಕ್ಕರೆ, ‘ಅದು ಉಳಿಯದ ಅಳತೆ’ ಎಂದು ಹಿಂದಿನಿಂದಾದರೂ ಒಂದು ಪದ ಕಟ್ಟಿನೋಡುವ ಆಸೆ.