ಸಹಾಯ ಬೇಕು: ಕ್ಲಿಯರ್ ಸ್ಪ್ರೇ ಹೊಡೆದ ಮ್ಯಾಲೆ ಚಿತ್ರ ಬೆಳ್ಳಗಾಗೈತಿ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಕೊಪ್ಪಳದಾಕಿ. ತಂಗಿ ಮನಿ ಗೃಹಪ್ರವೇಶಕ್ಕ ಕೊಡಾಕಂತ ಒಂದೂವರೆ ಅಡಿ ಪ್ಲೈವುಡ್ ಮ್ಯಾಲೆ ಹಂಪಿ ಕಲ್ಲಿನ ರಥ ಬರೆದೀನ್ರಿ. ಬಣ್ಣ ಅಕ್ರಿಲಿಕ್, ಅಂಚಿನ ಗೆರಿ ಮಾತ್ರ ಪರ್ಮನೆಂಟ್ ಮಾರ್ಕರ್‌ದು. ಧೂಳು ಕೂಡಬಾರ್ದು ಅಂತ ಕ್ಲಿಯರ್ ಸ್ಪ್ರೇ (ಬಣ್ಣ ಇಲ್ಲದ, ವಾರ್ನಿಷ್‌ನಂಥ ಲೇಪ) ತಂದು, ಮೊನ್ನೆ ಜಿಟಿಜಿಟಿ ಮಳಿಯಾಗ ಪಡಸಾಲ್ಯಾಗ ಇಟ್ಟು ಹೊಡೆದೆ. ಅವಸರದಾಕಿ ನಾನು, ಒಂದೇ ಸಲಕ್ಕ ದಪ್ಪಗ.

ಅರ್ಧ ತಾಸಿನ್ಯಾಗ ರಥದ ಗಾಲಿ ಮ್ಯಾಲೆ ಮಜ್ಜಿಗಿ ಚೆಲ್ಲಿದಂಗ ಬೆಳ್ಳನ ಮಸುಕು! ಮಾರ್ಕರ್ ಗೆರಿನೂ ಒಂದೆರಡು ಕಡೆ ಕರಗಿ ಹರಡ್ಯಾವ. ಅದನ್ನ ಹೆಂಗರ ತಿದ್ದಿಕೊಂತೀನಿ, ಬಿಡ್ರಿ. ಈ ಬಿಳುಪಿಂದೇ ಚಿಂತಿ.

ಹೇರ್ ಡ್ರೈಯರ್ ಹಿಡಿದೆ, ಸ್ವಲ್ಪ ತಿಳಿಯಾತು, ಪೂರ್ತಿ ಹೋಗ್ಲಿಲ್ಲ. ಎರಡು ದಿನ ಫ್ಯಾನ್ ಕೆಳಗ ಇಟ್ಟೆ. ಬಟ್ಟಿಲೆ ಒರೆಸಿದ್ರೂ ಹೋಗಂಗಿಲ್ಲ, ಅಂದ್ರ ಮ್ಯಾಲಿನ ಪುಡಿ ಅಲ್ಲ, ಒಳಗೇ ಐತಿ. ನಮ್ಮ ಓಣಿ ಪೇಂಟರ್ ಅಣ್ಣಾರು, "ಹಸಿ ಹವಾ ಸಿಕ್ಕೊಂಡೈತವ್ವಾ, ಬಿಸಿಲು ಬಿದ್ದಾಗ ತೆಳ್ಳಗ ಇನ್ನೊಂದು ಕೋಟ್ ಹೊಡಿ, ಹಳೇದು ಕರಗಿ ತಿಳಿಯಾಗ್ತದ" ಅಂದ್ರು. ಅಂಗಡಿಯಾವ್ರು ನೋಡಿದ್ರ ಥಿನ್ನರ್ ಹಚ್ಚಿ ಒರೆಸು ಅಂತಾರ. ಥಿನ್ನರ್ ಹಚ್ಚಿದ್ರ ಕೆಳಗಿನ ಬಣ್ಣನೂ ಕಿತ್ತು ಬಂದೀತಂತ ಅಂಜಿಕಿ ನನಗ. ಹದಿನೈದು ದಿನದ ಕೆಲಸ ಅದು.

ಹಿಂಗಾಗಿ ಸರಿ ಮಾಡಿಕೊಂಡವ್ರು ಯಾರರ ಇದ್ರ ಹೇಳ್ರಿ: ಅದೇ ಸ್ಪ್ರೇ ಒಣ ಹವಾದಾಗ ತೆಳ್ಳಗ ಮತ್ತೊಮ್ಮೆ ಹೊಡೆದ್ರ ಬಿಳುಪು ಹೋಗ್ತದೋ, ಇಲ್ಲಾ ಇನ್ನೂ ಒಳಗ ಮುಚ್ಚಿಕೊಂಡು ಬಿಡ್ತದೋ? ಗೃಹಪ್ರವೇಶಕ್ಕ ಇನ್ನ 9 ದಿನ ಅಷ್ಟ ಉಳಿದಾವ.