ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್ ಮಾಡಬಹುದಾ?

ಕುಂಬಳೆ_ಗೇಮರ್:
ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಇದೆ. ಗೇಮ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆ ಅನ್ನುವ ಲೆಕ್ಕ) ಸ್ವಲ್ಪ ಜಾಸ್ತಿ ಬೇಕು. ಓವರ್‌ಕ್ಲಾಕ್ ಮಾಡಿದರೆ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಏರಿಸಿದರೆ, ಕಾರ್ಡ್ ಸುಟ್ಟು ಹೋಗುತ್ತದಾ? ಕಾಸರಗೋಡಿನ ಸೆಕೆ ಬೇರೆ ಗೊತ್ತಲ್ಲ.

ಬದಿಯಡ್ಕ_ಪಿಸಿ:
ಸುಡುವುದು ಅಪರೂಪ. ಲ್ಯಾಪ್‌ಟಾಪ್‌ಗಳಲ್ಲಿ ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ಕರೆಂಟಿನ ಮಿತಿ) ಸಾಮಾನ್ಯವಾಗಿ ಲಾಕ್ ಆಗಿರುತ್ತದೆ, ಹಾಗಾಗಿ ಸಿಗುವ ಲಾಭವೂ ಕಡಿಮೆಯೇ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ, ಕೋರ್ ಕ್ಲಾಕ್ (ಕಾರ್ಡ್‌ನ ಮುಖ್ಯ ಚಿಪ್‌ನ ವೇಗ) 25 ಮೆಗಾಹರ್ಟ್ಸ್‌ನಂತೆ ಏರಿಸಿ, ಪ್ರತಿ ಸಲ ಭಾರದ ಗೇಮ್ ಒಂದನ್ನು ಅರ್ಧ ಗಂಟೆ ಓಡಿಸಿ ನೋಡಿ. ಪರದೆಯಲ್ಲಿ ಚುಕ್ಕೆ, ಗೆರೆ ಬಂದರೆ ಅಥವಾ ಗೇಮ್ ಕ್ರ್ಯಾಶ್ ಆದರೆ 50 ಇಳಿಸಿ. ಮೆಮೊರಿ ಕ್ಲಾಕ್ (ಕಾರ್ಡ್‌ನ ಮೆಮೊರಿಯ ವೇಗ) ಆಮೇಲೆ, ಎರಡೂ ಒಟ್ಟಿಗೆ ಬೇಡ.

ಮಂಜೇಶ್ವರ_ಮಳೆ:
ಮೊದಲು ಬಿಸಿ ನೋಡಿ ಮಾರಾಯ್ರೇ. ಈಗಲೇ 85 ಡಿಗ್ರಿ ದಾಟುತ್ತಿದ್ದರೆ ಕ್ಲಾಕ್ ಏರಿಸುವುದು ಸುಮ್ನೆ ದಂಡ, ಕಾರ್ಡ್ ತಾನೇ ವೇಗ ಇಳಿಸುತ್ತದೆ. ಫ್ಯಾನ್ ಧೂಳು ತೆಗೆಸಿ, ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಸ್ವಲ್ಪ ಇಳಿಸಿ. ನನ್ನ ಪ್ರಕಾರ ನಮ್ಮೂರಿಗೆ ಅದೇ ಸರಿ.

ಕುಂಬಳೆ_ಗೇಮರ್:
88 ತೋರಿಸುತ್ತಿದೆ! ಧೂಳು ತೆಗೆಸಿಯೇ ಮುಂದಿನದ್ದು.