ಹೆರಿಗೆ ಬೇನೆ: ಇವತ್ತು ಸಿಸ್ಟರ್ ಹತ್ತಿರ ಕೇಳಿ

ಸಿಸ್ಟರ್: ಹೆರಿಗೆ ಕೋಣೆಯಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಎಂಟು ಗಂಟೆಗೆ ಡ್ಯೂಟಿ ಇದೆ, ಅಲ್ಲಿಯವರೆಗೆ ಕೇಳಿ.

ಕುಮಟಾ: ಚೊಚ್ಚಲು, 39 ವಾರ. ಬೆಳಿಗ್ಗೆಯಿಂದ ಹೊಟ್ಟೆ ಬಿಗಿದು ಬಿಡುತ್ತಿದೆ. ಇದೇ ಬೇನೆಯಾ?

ಸಿಸ್ಟರ್: ನಡೆದರೂ ಮಲಗಿದರೂ ನಿಲ್ಲದೆ, ಅಂತರ ಕಡಿಮೆಯಾಗುತ್ತಾ ಬಂದರೆ ಹೌದು. ಐದು ನಿಮಿಷಕ್ಕೊಮ್ಮೆ, ನಿಮಿಷದಷ್ಟು ಹೊತ್ತು, ಒಂದು ಗಂಟೆ ಹಾಗೇ ಬಂದರೆ ಹೊರಡಿ. ನೀರು ಹೋದರೆ, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ ಗಡಿಯಾರ ನೋಡಬೇಡಿ. ಕೂಡಲೇ ಹೊರಡಿ.

ಅಂಕೋಲಾ: ಎಷ್ಟು ಗಂಟೆ ಹಿಡಿಯುತ್ತದೆ?

ಸಿಸ್ಟರ್: ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆಯಬೇಕು. 5ರವರೆಗೆ ನಿಧಾನ. ಅಲ್ಲಿಂದ ಮುಂದೆ ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ.

ಯಲ್ಲಾಪುರ: ಹಾಲಿಗೆ ಹರಳೆಣ್ಣೆ ಹಾಕಿ ಕುಡಿದರೆ ಬೇಗ ಆಗುತ್ತದಂತೆ. ವಾಟ್ಸಾಪಿನಲ್ಲಿ ಬಂದಿದೆ.

ಸಿಸ್ಟರ್: ಬೇಡ. ವಾಂತಿ, ಭೇದಿ ಆಗಿ, ಬೇನೆ ತಿನ್ನಲು ಶಕ್ತಿ ಇಲ್ಲದೆ ಬರುತ್ತಾರೆ.

ಭಟ್ಕಳ: ನೋವು ಗೊತ್ತಾಗದ ಹಾಗೆ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಅದು ಒಳ್ಳೆಯದಾ?

ಸಿರ್ಸಿ: ಅತ್ತಿಗೆಗೆ ಮೊದಲನೆಯದು ಸಿಸೇರಿಯನ್, 14 ತಿಂಗಳ ಹಿಂದೆ. ಈಗ 37 ವಾರ. ಮನೆ ಘಟ್ಟದೊಳಗೆ, ಮಳೆಗೆ ಕಾಲುಸಂಕ ಮುಳುಗುತ್ತದೆ. ನಾರ್ಮಲ್ ಆಗಲಿ ಅಂತ ಅವಳಿಗೆ ಆಸೆ. ಬೇನೆ ಜೋರಾದ ಮೇಲೆ ಹೊರಟರೆ ಸಾಕು ಎನ್ನುತ್ತಾರೆ ಆಯಿ.

ಸಿಸ್ಟರ್: ಇದನ್ನು ಎರಡು ಸಲ ಓದಿದೆ. ಆಸೆ ತಪ್ಪಲ್ಲ. ಸಿಸೇರಿಯನ್ ಆದ ಎಷ್ಟೋ ಜನರಿಗೆ ಮುಂದಿನದು ನಾರ್ಮಲ್ ಆಗುತ್ತದೆ. ಆದರೆ ಪ್ರತಿ ಬೇನೆಗೂ ಗರ್ಭಕೋಶದ ಮೇಲ್ಭಾಗ ಬಿಗಿದು ಕೆಳಭಾಗವನ್ನು ಎಳೆಯುತ್ತದೆ, ತೆಳ್ಳಗೆ ಮಾಡುತ್ತದೆ. ಹಳೆಯ ಹೊಲಿಗೆ ಸಾಮಾನ್ಯವಾಗಿ ಇರುವುದು ಅಲ್ಲೇ. ಬೇನೆ ಬಂದವರಲ್ಲಿ ಸುಮಾರು 200ಕ್ಕೆ ಒಬ್ಬರಿಗೆ ಅದು ಬಿರಿಯುತ್ತದೆ. ಎರಡು ಹೆರಿಗೆಗಳ ನಡುವೆ 18 ತಿಂಗಳೂ ಇಲ್ಲದಿದ್ದರೆ ಅಪಾಯ ಇನ್ನೂ ಜಾಸ್ತಿ. ಬಿರಿದಾಗ ಬೇನೆ ಒಮ್ಮೆಲೇ ನಿಲ್ಲಬಹುದು. ಮನೆಯವರು ಹಗುರಾಯಿತು ಅಂದುಕೊಳ್ಳುತ್ತಾರೆ. ಒಳಗೆ ರಕ್ತ ಹೋಗುತ್ತಿರುತ್ತದೆ, ಮಗುವಿಗೆ ಉಳಿದಿರುವುದು ನಿಮಿಷಗಳು ಮಾತ್ರ. ಆಮೇಲೆ ಸಂಕ ದಾಟಿ ಬರುವುದು ಹೇಗೆ?

ಹಳೆಯ ಆಪರೇಷನ್ ಚೀಟಿ ಹಿಡಿದು ಈ ವಾರವೇ ಡಾಕ್ಟರಿಗೆ ತೋರಿಸಿ. ಕೊಯ್ದದ್ದು ಅಡ್ಡವೋ ಉದ್ದವೋ ಕೇಳಿ. ಹೊರಗಿನ ಕಲೆ ನೋಡಿದರೆ ಅದು ತಿಳಿಯುವುದಿಲ್ಲ. ಆಪರೇಷನ್ನೂ ರಕ್ತವೂ ಸಿಗುವ ಆಸ್ಪತ್ರೆಯ ಹತ್ತಿರ, ನೆಂಟರ ಮನೆಯಲ್ಲಾದರೂ ಈಗಲೇ ತಂದಿರಿಸಿ. ಬೇನೆ ಬರಿಸುವ ಇಂಜೆಕ್ಷನ್ ಮನೆಯಲ್ಲಿ ಯಾರು ಕೊಟ್ಟರೂ ಹಾಕಿಸಬೇಡಿ.

ಹೊನ್ನಾವರ: ಸುಮ್ನೆ ಹೆದರಿಸಬೇಡಿ. ನಮ್ಮ ಅಜ್ಜಿ ಮನೆಯಲ್ಲೇ ಹನ್ನೊಂದು ಹೆತ್ತರು.

ಕಾರವಾರ: ಉಳಿದದ್ದೆಷ್ಟು?

ಹೊನ್ನಾವರ: ಏಳು. ಅದು ಆ ಕಾಲ. ಈಗ ಆಸ್ಪತ್ರೆಯವರಿಗೆ ದುಡ್ಡಷ್ಟೇ ಬೇಕು.

ಕಾರವಾರ: ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡಿಲ್ಲ, 108ಕ್ಕೂ ಇಲ್ಲ. ತಿಳಿಯದೆ ಮಾತಾಡಬೇಡಿ.

ಹೊನ್ನಾವರ: ನಿಮ್ಮನ್ನು ಕೇಳಲಿಲ್ಲ.

ಮುಂಡಗೋಡ: ಹರಳೆಣ್ಣೆ ಒಂದೇ ಚಮಚ ಆದರೆ ಅಡ್ಡಿಯಿಲ್ಲ ಅಲ್ವಾ?

ಸಿಸ್ಟರ್: ಮೇಲೆ ಓದಿ.

ಮುಂಡಗೋಡ: ಇಷ್ಟು ಸಿಟ್ಟು ಯಾಕೆ?

ಸಿರ್ಸಿ: ನಾಳೆಯೇ ಪೇಟೆಗೆ ಕರೆತರುತ್ತೇವೆ. ಆಯಿ ಮಾತ್ರ ಒಪ್ಪುತ್ತಿಲ್ಲ.

ಸಿಸ್ಟರ್: ಅವರ ನಂಬರ್ ನನಗೊಬ್ಬಳಿಗೇ ಕಳಿಸಿ. ಡ್ಯೂಟಿಗೆ ಹೋಗುವ ಮೊದಲು ನಾನೇ ಮಾತಾಡುತ್ತೇನೆ.

ಭಟ್ಕಳ: ಸಿಸ್ಟರ್, ನಾನು ಕೇಳಿದ್ದು?